ಟೋಪಿ ಕೊಟ್ಟ ಕೈ

ಹರಿಪ್ರಿಯಾ ಸಿನಿಮಾವನ್ನು ಮತ್ತೆ ಹಿಂದಕ್ಕೆ ಓಡಿಸಿದಳು. ತೊಡೆಯ ಮೇಲಿದ್ದ ಲ್ಯಾಪ್‌ಟಾಪಿನಲ್ಲಿ ಕಪ್ಪು ಬಿಳುಪಿನ ಹೋಟೆಲು, ಪಾರ್ಟಿ ಹಾಲು, ಕುಣಿಯುವ ಜನ. ನಾಯಕ ಬರಿದಲೆಯಲ್ಲಿ ಹಾಲಿನಿಂದ ಹೊರಗೆ ಬಂದ. ಮರುಕ್ಷಣವೇ ಹೋಟೆಲಿನ ಹೆಬ್ಬಾಗಿಲ ಹತ್ತಿರ ಇದ್ದ, ಕೈಯಲ್ಲಿ ಟೋಪಿ ಇತ್ತು. ನಡುವೆ ಏನೂ ಇರಲಿಲ್ಲ.

"ಅಮ್ಮಾ, ತಾತ ಇದ್ರಲ್ಲಿ ಇಲ್ವೇ ಇಲ್ಲ."

ಮುಂದಿನ ಸೀಟಿನಲ್ಲಿ ಸೆರಗಿಗೆ ಪಿನ್ನು ಹಾಕಿಕೊಳ್ಳುತ್ತಿದ್ದ ಊರ್ಮಿಳಾ ಹಾಗೇ ಹಿಂದಕ್ಕೆ ತಿರುಗಿದರು. "ಇಲ್ಲ ಅಂದ್ರೆ? ಎಲ್ಲಾ ಸರಿ ಇದೆ ಅಂತ ನೆನ್ನೆ ನಿಮ್ಮತ್ತೆಗೆ ಫೋನ್ ಮಾಡಿ ಹೇಳಿದ್ಯಲ್ಲೇ?"

"ಟೈಟಲ್ಲು ಬಂತು, ಸೌಂಡು ಬಂತು, ಸರಿ ಇದೆ ಅಂದ್ಕೊಂಡೆ. ಪೂರ್ತಿ ಕೂತು ನೋಡೋಕ್ಕೆ ಟೈಮೆಲ್ಲಿತ್ತು? ಡಿಸ್ಕು ಬಂದಿದ್ದೇ ಸಂಜೆ. ಮನೆ ತುಂಬ ಜನ, ಇವಳಿಗೆ ಜ್ವರ."

ಇವಳು ಅಂದರೆ ಪಕ್ಕದಲ್ಲಿ ಕಿಟಕಿಗೆ ಹಣೆ ಒತ್ತಿ ಕೂತಿದ್ದ ಏಳು ವರ್ಷದ ಮಗಳು ಮಾನ್ಯಾ. ಕಾರು ವಾಲ್ನಟ್ ಕ್ರೀಕ್ ಬಿಟ್ಟು ಫ್ರೀವೇ ಹಿಡಿದು, ಸುರಂಗದ ಕಡೆಗೆ ಏರುತ್ತಿತ್ತು. ಸುರಂಗ ದಾಟಿದರೆ ಬರ್ಕ್ಲಿ. ಅಲ್ಲಿಯ ಹಳೆಯ ಚರ್ಚಿನಲ್ಲಿ ಲೂಥರ್ ಗೇಯ್ನ್ಸ್ ಪೆಟ್ಟಿಗೆಯಲ್ಲಿ ಮಲಗಿದ್ದರು. ಹರಿಪ್ರಿಯಾಳ ಗಂಡ ಮಾರ್ಕಸ್‌ನ ತಾತ ಅವರು. ತೊಂಬತ್ತಾರು ದಾಟಿದ್ದ ಜೀವ, ಅದರಲ್ಲಿ ಹತ್ತು ವರ್ಷ ಸಿನಿಮಾ, ಉಳಿದದ್ದೆಲ್ಲ ಸಿಟಿ ಬಸ್ಸಿನ ಸ್ಟೇರಿಂಗು. ಸಿನಿಮಾದಲ್ಲಿ ಅವರು ಬಟ್ಲರ್ ಆಗಿದ್ದರು, ರೈಲಿನ ಕೂಲಿ ಆಗಿದ್ದರು, ಲಿಫ್ಟಿನವನಾಗಿದ್ದರು. ಕಪ್ಪು ಮನುಷ್ಯನಿಗೆ ಆಗ ಇದ್ದದ್ದು ಅಷ್ಟೇ ಪಾತ್ರ. ಯಾವ ಸಿನಿಮಾದ ಕೊನೆಯಲ್ಲೂ ಅವರ ಹೆಸರು ಬರಲಿಲ್ಲ. ಒಂದೇ ಒಂದು ಸಿನಿಮಾದೊಳಗೆ ಅವರು ತಮ್ಮ ಹೆಸರನ್ನು ತಾವೇ ಹೇಳಿದ್ದರು. ಅಂತ್ಯಕ್ರಿಯೆಗೆ ಬಂದವರೆಲ್ಲ ಅದನ್ನು ನೋಡಬೇಕು ಅನ್ನುವುದು ಅವರ ಮಗಳು, ಹರಿಪ್ರಿಯಾಳ ಅತ್ತೆ ಡೊಲೊರೆಸ್ ಕೇಳಿಕೊಂಡಿದ್ದ ಒಂದೇ ಮಾತು. ಈಗ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

"ಇದು ಈ ದೇಶದ ಸೌತ್ ಕಡೆ ಥಿಯೇಟರಲ್ಲಿ ಓಡಿದ್ದ ಕಾಪಿ" ಎಂದಳು ಹರಿಪ್ರಿಯಾ. "ತಾತ ಹೇಳ್ತಿದ್ರು. ಆ ಕಡೆ ಊರುಗಳಲ್ಲಿ ಕಪ್ಪು ಜನ ಮರ್ಯಾದೆಯಾಗಿ ಕಾಣೋ ಸೀನೆಲ್ಲ ಕತ್ತರಿಸಿ ಎಸೀತಿದ್ರಂತೆ. ಸಿನಿಮಾ ಸಿಕ್ತಲ್ಲ ಅನ್ನೋ ಖುಷೀಲಿ ಕಾಪಿ ಯಾವ ಕಡೇದು ಅಂತ ಕೇಳೋದೇ ಮರೆತೆ."

ಕಾರು ಓಡಿಸುತ್ತಿದ್ದವರು ಹರಿಪ್ರಿಯಾಳ ಅಪ್ಪ ಅನಂತಪದ್ಮನಾಭ. ಅವರು ಎಂಜಿನಿಯರು. ತೊಂದರೆ ಅಂದರೆ ಅವರಿಗೆ ಪರಿಹಾರ ಹೇಳಬೇಕು, ಇಲ್ಲದಿದ್ದರೆ ಕೈಕಾಲು ಆಡುವುದಿಲ್ಲ.

"ಆ ದೆವ್ವದ ಕ್ಲಿಪ್ಪು ಇದೆಯಲ್ಲ, ಅದನ್ನೇ ಹಾಕ್ಬಿಡು. ಇಂಟರ್‌ನೆಟ್ಟಲ್ಲೇ ಸಿಗುತ್ತೆ. ಅದ್ರಲ್ಲಿ ಮುಖ ಎಷ್ಟು ಚೆನ್ನಾಗಿ ಕಾಣ್ಸುತ್ತೆ!"

ಆ ಕ್ಲಿಪ್ಪು ಎಲ್ಲರಿಗೂ ಗೊತ್ತಿದ್ದದ್ದೇ. ಬಟ್ಲರ್ ಲೂಥರ್ ದೆವ್ವ ಕಂಡು ಕಣ್ಣುಗುಡ್ಡೆ ಹೊರಗೆ ಹಾಕಿ, ಗಡಗಡ ನಡುಗಿ, ಕೈಯಲ್ಲಿದ್ದ ತಟ್ಟೆಗಳನ್ನೆಲ್ಲ ಬೀಳಿಸಿ, "ಯೆಸ್ ಸರ್, ಯೆಸ್ ಸರ್" ಎನ್ನುತ್ತ ಓಡುತ್ತಾನೆ. ಜನ ಈಗಲೂ ನೋಡಿ ನಗುತ್ತಾರೆ.

"ಅಪ್ಪಾ, ಅದನ್ನ ಹಾಕೋ ಬದ್ಲು ಅತ್ತೆ ಕೆನ್ನೆಗೆ ಎರಡು ಬಾರಿಸಬಹುದು."

"ಸರಿ ಬಿಡಮ್ಮ. ಅಲ್ಲ, ಮನುಷ್ಯನ್ನೇ ಕತ್ತರಿಸಿ ಹಾಕೋದಾ? ಏನ್ ಜನಾನೋ!"

"ನೀವೇನ್ ಕಡಿಮೆ?" ಊರ್ಮಿಳಾ ಕಿಟಕಿಯ ಕಡೆ ನೋಡುತ್ತಲೇ ಅಂದರು. "ಮದುವೆ ಆಲ್ಬಮ್ಮು ಮೈಸೂರಿಗೆ ಕಳ್ಸಿದ್ರಲ್ಲ, ಅದ್ರಲ್ಲಿ ಯಾರ್ಯಾರು ಇದ್ರು?"

ಅನಂತಪದ್ಮನಾಭರು ಕಾರಿನ ದೀಪ ಹಾಕಿದರು. ಅಕ್ಕಂದಿರಿಗೆ ಕಳಿಸಿದ ಆ ಆಲ್ಬಮ್ಮಿನಲ್ಲಿ ಗಂಡಿನ ಕಡೆಯವರು ಇರಲಿಲ್ಲ. ಮಾರ್ಕಸ್ ಇದ್ದ, ಅವನೂ ದೂರದಲ್ಲಿ. ಹರಿಪ್ರಿಯಾ ಬಗ್ಗಿ ನಮಸ್ಕಾರ ಮಾಡುತ್ತಿದ್ದ ಫೋಟೋ ಮಾತ್ರ ಬಹಳ ಚೆನ್ನಾಗಿ ಬಂದಿತ್ತು, ಬಿಡಲು ಮನಸ್ಸಾಗದೆ ಅಂಚು ಕತ್ತರಿಸಿ ಸೇರಿಸಿದ್ದರು. ಅವಳ ತಲೆಯ ಮೇಲೆ ಒಂದು ಕಪ್ಪು ಮುದಿ ಕೈ ಮಾತ್ರ ಉಳಿದಿತ್ತು. "ಅದು ಯಾರ ಕೈಯೋ?" ಎಂದು ದೊಡ್ಡಕ್ಕ ಫೋನಿನಲ್ಲಿ ಕೇಳಿದ್ದಕ್ಕೆ, "ಅಲ್ಲಿ ಮದುವೆ ಹಾಲ್‌ನವರು ಯಾರೋ" ಎಂದಿದ್ದರು.

ಕಾರು ಸುರಂಗದೊಳಗೆ ಹೋಯಿತು. ಲ್ಯಾಪ್‌ಟಾಪಿನ ಬೆಳಕು ಹರಿಪ್ರಿಯಾಳ ಒದ್ದೆ ಮುಖದ ಮೇಲೆ ಬಿತ್ತು.

"ಅತ್ತೆಗೆ ಏನಂತ ಹೇಳ್ಲಮ್ಮ?"

"ಇದ್ದದ್ದು ಇದ್ದ ಹಾಗೇ ಹೇಳು. ಸಾವಿನ ಮನೇಲಿ ಸುಳ್ಳು ಬೇಡ."

*

ಸ್ಟುಡಿಯೋದಲ್ಲಿ ಲೂಥರ್‌ಗೆ ಮೊದಲ ಪಾಠ ಹೇಳಿದವನು ಮೋಸೆಸ್ ಎಂಬ ಮುದುಕ. ಅವನು ಇಪ್ಪತ್ತು ವರ್ಷದಿಂದ ಬಟ್ಲರ್ ಆಗಿ ಬಾಗಿಲು ತೆಗೆಯುತ್ತಿದ್ದ. ಬಿಡುವಿನಲ್ಲಿ ಇಬ್ಬರೂ ಸೆಟ್ಟಿನ ಹಿಂದೆ ನಿಂತು ಸಿಗರೇಟು ಸೇದುತ್ತಿದ್ದರು.

"ನಮ್ಮ ಸೀನು ಯಾಕೆ ಬೇರೆಯಾಗಿ ತೆಗೀತಾರೆ ಗೊತ್ತೇನೋ ಹುಡುಗ?" ಎಂದು ಕೇಳಿದ್ದ ಮೋಸೆಸ್. "ಕತ್ತರಿಗೆ ಸುಲಭ ಆಗ್ಲಿ ಅಂತ. ನಾವು ಒಳಗೆ ಬರೋಕ್ಕೆ ಮುಂಚೆ ಒಂದು ಗೆರೆ, ಹೋದ ಮೇಲೆ ಒಂದು ಗೆರೆ. ಸೌತಲ್ಲಿ ಬೇಡ ಅಂದ್ರೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೀತಾರೆ. ಕತೆಗೆ ಏನೂ ಆಗಲ್ಲ."

"ಮತ್ತೆ ಏನ್ ಮಾಡೋದು?"

"ಹೀರೋ ಕೈಗೆ ಏನಾದರೂ ಕೊಡು. ಲೋಟ, ಪೇಪರು, ಕೊಡೆ, ಏನಾದರೂ. ಕೊಟ್ಟ ಮೇಲೆ ಕೈ ಬೇಗ ಹಿಂದಕ್ಕೆ ತಗೋಬೇಡ. ಅವನು ಹೊರಟರೂ ನಿನ್ನ ಕೈ ಅಲ್ಲೇ ಇರ್ಲಿ. ಕತ್ತರಿ ಹಾಕೋನಿಗೆ ಅವನು ಬೇಕು, ಅವನ ಜೊತೆ ನೀನೂ ಒಂಚೂರು ಉಳ್ಕೋತೀಯ."

ಆ ಸಿನಿಮಾದಲ್ಲಿ ಲೂಥರ್ ಹೋಟೆಲಿನಲ್ಲಿ ಗಿರಾಕಿಗಳ ಕೋಟು ಟೋಪಿ ಕಾಯುವವನು. ಹೆಂಡತಿಯನ್ನು ಬಿಟ್ಟು ಊರು ಬಿಡಲು ಹೊರಟ ನಾಯಕ ಟೋಪಿ ಕೇಳುತ್ತಾನೆ. "ತಗೊಳ್ಳಿ ಸರ್" ಎನ್ನಬೇಕು, ಅಷ್ಟೇ ಮಾತು. ಲೂಥರ್ ಟೋಪಿಯನ್ನು ತೋಳಿನಿಂದ ಒರೆಸಿ, "ಹೊರಗೆ ಮಳೆ ಇದೆ. ಮನೇಲಿ ಕಾಯ್ತಿರ್ತಾರೆ" ಎಂದುಬಿಟ್ಟ. ಎಲ್ಲಿಂದ ಬಂತೋ ಆ ಮಾತು. ನಾಯಕನ ಪಾತ್ರದವನು ಗಕ್ಕನೆ ನಿಂತ. ಕ್ಯಾಮೆರಾ ಓಡುತ್ತಿತ್ತು. ಅವನೂ ಬರೆದುಕೊಟ್ಟಿದ್ದನ್ನು ಬಿಟ್ಟು ಕೇಳಿದ, "ನಿನ್ನ ಹೆಸರೇನು?"

"ಲೂಥರ್ ಗೇಯ್ನ್ಸ್."

ಟೋಪಿ ಕೈ ಬದಲಾಯಿತು. ನಾಯಕ ಬಾಗಿಲ ಕಡೆ ಹೊರಟ. ಲೂಥರ್ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಆ 'ಸರ್' ಎಲ್ಲಿ ಹೋಯ್ತು?" ಎಂದು ನಿರ್ದೇಶಕ ಕೂಗಾಡಿದ. ಇನ್ನೊಂದು ಸಲ ತೆಗೆಯೋಣ ಎಂದ. ದೊಡ್ಡ ನಟ ಆಗಲೇ ಕೋಟು ಬಿಚ್ಚುತ್ತಿದ್ದ. "ನನಗೆ ಹೊಟ್ಟೆ ಹಸೀತಿದೆ, ಇದೇ ಸಾಕು" ಎಂದು ಊಟಕ್ಕೆ ಹೊರಟುಹೋದ.

ಒಬ್ಬ ಬಿಳಿಯನಿಗೆ ಹೊತ್ತಿಗೆ ಸರಿಯಾಗಿ ಹಸಿವಾದದ್ದಕ್ಕೆ ನನ್ನ ಹೆಸರು ಉಳೀತು ಎಂದು ಲೂಥರ್ ಮುಪ್ಪಿನಲ್ಲಿ ಹರಿಪ್ರಿಯಾಳಿಗೆ ಹೇಳಿ ನಕ್ಕಿದ್ದರು. ಆ ನಗು ಅವಳಿಗೆ ಇಷ್ಟವಾಗಿರಲಿಲ್ಲ. ಅದರ ಹಿಂದೆ ಅಳು ಇತ್ತು.

*

ಚರ್ಚಿನ ಬಾಗಿಲಲ್ಲಿ ಬಿಳಿಯ ಕೈಗವಸು ತೊಟ್ಟ ಹೆಂಗಸರು ಬಂದವರನ್ನು ತಬ್ಬಿ ಒಳಗೆ ಕರೆದೊಯ್ಯುತ್ತಿದ್ದರು. ಒಳಗೆ ಹಾಡು ಶುರುವಾಗಿತ್ತು. ಕೆಳಗಿನ ಅಡುಗೆಮನೆಯಿಂದ ಹುರಿದ ಕೋಳಿಯ ವಾಸನೆ ಮೇಲಕ್ಕೆ ಬರುತ್ತಿತ್ತು. ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದು ಎಂದು ಊರ್ಮಿಳಾ ಬರಿಗೈಯಲ್ಲಿ ಬಂದಿದ್ದರು. ಇಲ್ಲಿ ನೋಡಿದರೆ ಒಬ್ಬೊಬ್ಬರ ಕೈಯಲ್ಲೂ ಒಂದೊಂದು ದೊಡ್ಡ ಪಾತ್ರೆ.

"ನನಗ್ಯಾಕೆ ಮೊದಲೇ ಹೇಳ್ಲಿಲ್ಲ? ಒಂದು ಚಿತ್ರಾನ್ನನಾದ್ರೂ ಕಲಸಿ ತರ್ತಿದ್ನಲ್ಲ" ಎಂದು ಮಗಳಿಗೆ ಗೊಣಗಿ, ನಾಚಿಕೊಂಡೇ ಪೆಟ್ಟಿಗೆಯ ಹತ್ತಿರ ಹೋದರು. ಮುಚ್ಚಳ ಅರ್ಧ ತೆರೆದಿತ್ತು. ಮುಚ್ಚಿದ ಅರ್ಧದ ಮೇಲೆ ಲೂಥರ್‌ರ ಬೂದು ಬಣ್ಣದ ಟೋಪಿ ಇಟ್ಟಿದ್ದರು. ಈ ಮುದುಕ ಊರ್ಮಿಳಾರನ್ನು ಕಂಡಾಗಲೆಲ್ಲ ಒಂದೇ ಕನ್ನಡ ಮಾತು ಆಡುತ್ತಿದ್ದರು. ಮಾರ್ಕಸ್‌ನ ಮದುವೆಯಲ್ಲಿ ಕೇಳಿ ಕಲಿತದ್ದು. ಉಚ್ಚಾರ ಎಷ್ಟು ಚೊಕ್ಕ ಅಂದರೆ ಮಂಡ್ಯದವರೇ ಮೋಸಹೋಗಬೇಕು. ಊರ್ಮಿಳಾರಿಗೆ ಈಗ ಇಂಗ್ಲಿಷಿನಲ್ಲಿ ಏನು ಹೇಳಬೇಕೋ ತಿಳಿಯಲಿಲ್ಲ. ಬಗ್ಗಿ ಮೆಲ್ಲಗೆ ಅವರದೇ ಆ ಮಾತಿನಲ್ಲಿ, "ಊಟ ಆಯ್ತಾ, ಯಜಮಾನ್ರೆ?" ಎಂದು ಕೇಳಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಹರಿಪ್ರಿಯಾ ಪಕ್ಕದ ಕೋಣೆಗೆ ಹೋದಳು. ಡೊಲೊರೆಸ್ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಎಪ್ಪತ್ತು ದಾಟಿದ ಹೆಂಗಸು, ಬದುಕೆಲ್ಲ ಶಾಲೆಯಲ್ಲಿ ಪಾಠ ಮಾಡಿದವರು. ಪಾದ್ರಿ ಪಕ್ಕದಲ್ಲಿ ನಿಂತಿದ್ದರು.

"ಅತ್ತೆ, ನನ್ನಿಂದ ತಪ್ಪಾಗಿದೆ. ಆ ಸೀನು ಈ ಕಾಪಿಯಲ್ಲಿ ಇಲ್ಲ. ಕತ್ತರಿಸಿದ್ದಾರೆ."

ಹೊರಗೆ ಹಾಡು ಏರುತ್ತಿತ್ತು.

"ಒಂಚೂರೂ ಇಲ್ವಾ?"

"ಮುಖ ಇಲ್ಲ, ಮಾತಿಲ್ಲ. ಹೀರೋ ಕೈಗೆ ಟೋಪಿ ಬಂದುಬಿಡುತ್ತೆ, ಅಷ್ಟೇ."

"ಪರದೆ ಕಟ್ಟಿ ಆಗಿದೆ, ಜನಕ್ಕೆ ಹೇಳಿ ಆಗಿದೆ" ಎಂದರು ಪಾದ್ರಿ, ತಡೆದು ತಡೆದು. "ಆ ದೆವ್ವದ ಸೀನನ್ನ ಜನ ಪ್ರೀತಿಯಿಂದ ನೋಡ್ತಾರೆ, ಡೊಲೊರೆಸ್. ನಗಿಸಿ ಕಳಿಸೋದೂ ಒಂದು ಪುಣ್ಯವೇ."

"ಅದು ಬೇಡ." ಡೊಲೊರೆಸ್‌ರ ದನಿ ಜೋರಾಗಲಿಲ್ಲ. ಅವರು ಸೊಸೆಯ ಕೈ ಹಿಡಿದುಕೊಂಡರು. "ನೀನು ಅಳಬೇಡ ಪ್ರಿಯಾ. ಗೋಡೆ ಮೇಲಿದ್ದ ಅಪ್ಪನನ್ನ ಕೆಳಗಿಳಿಸಿದವಳು ನಾನು. ಎಲ್ಲರ ಎದುರಿಗೆ ನಾನೇ ಮತ್ತೆ ಏರಿಸ್ಬೇಕು ಅಂದ್ಕೊಂಡಿದ್ದೆ. ಇನ್ನೆಲ್ಲಿ?"

*

ಗೋಡೆ ಅಂದರೆ ಬರ್ಕ್ಲಿಯ ಮನೆಯ ನಡುಮನೆ ಗೋಡೆ. ಲೂಥರ್ ಸಿನಿಮಾ ಬಿಟ್ಟು ಬಂದು ಬಸ್ಸಿನ ಸ್ಟೇರಿಂಗು ಹಿಡಿದು ಆಗಲೇ ಬಹಳ ವರ್ಷವಾಗಿತ್ತು. ಆದರೂ ಸ್ಟುಡಿಯೋ ಫೋಟೋಗಳು ಸಾಲಾಗಿ ತೂಗುತ್ತಿದ್ದವು. ಬಿಳಿ ಕೋಟಿನ ಲೂಥರ್, ತಟ್ಟೆ ಹಿಡಿದ ಲೂಥರ್, ದೆವ್ವ ಕಂಡ ಲೂಥರ್. ಅದು ಅರವತ್ತೆಂಟನೆಯ ಇಸವಿ. ಓಕ್ಲೆಂಡಿನಲ್ಲಿ, ಬರ್ಕ್ಲಿಯಲ್ಲಿ ಕಪ್ಪು ಹುಡುಗ ಹುಡುಗಿಯರು ಕೂದಲನ್ನು ಇದ್ದ ಹಾಗೇ ಬಿಟ್ಟು, ತಲೆ ಎತ್ತಿ ನಡೆಯಲು ಶುರು ಮಾಡಿದ್ದರು. ಹದಿನಾರರ ಡೊಲೊರೆಸ್‌ಗೆ ಅಂದು ಸಂಜೆ ಗೆಳೆಯರು ಮನೆಗೆ ಮೀಟಿಂಗಿಗೆ ಬರುವವರಿದ್ದರು.

ಲೂಥರ್ ಡ್ಯೂಟಿ ಮುಗಿಸಿ ಬಂದಾಗ ಫೋಟೋಗಳೆಲ್ಲ ನೆಲದ ಮೇಲೆ ಮುಖ ಕೆಳಗಾಗಿ ಬಿದ್ದಿದ್ದವು.

"ನನಗೆ ನಾಚಿಕೆ ಆಗುತ್ತೆ ಅಪ್ಪಾ" ಎಂದಳು ಮಗಳು. ಅಳುತ್ತಿದ್ದಳು. "ಎಲ್ಲಾ ಸಿನಿಮಾದಲ್ಲೂ ಯೆಸ್ ಸರ್, ಯೆಸ್ ಸರ್. ನಿನಗೆ ಬೇರೆ ಮಾತೇ ಬರ್ತಿರಲಿಲ್ವಾ?"

"ಒಂದರಲ್ಲಿ ಹಾಗೆ ಅನ್ಲಿಲ್ಲ" ಎಂದ ಲೂಥರ್.

ಯಾವುದರಲ್ಲಿ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದನೇನೋ. ಅವನು ಯೂನಿಫಾರ್ಮು ಕೂಡ ಬಿಚ್ಚದೆ ಇಕ್ಕಳ ತಂದು ಮೊಳೆಗಳನ್ನು ಒಂದೊಂದಾಗಿ ಕಿತ್ತ. ತೂತುಗಳಿಗೆ ಗಾರೆ ತುಂಬಿ ಬೆರಳಿನಿಂದ ನಯ ಮಾಡಿದ. ಗೆಳೆಯರು ಬರುವ ಹೊತ್ತಿಗೆ ಗೋಡೆ ಚೊಕ್ಕಟವಾಗಿತ್ತು. ಆ ಮೇಲೆ ಅವನು ಸಿನಿಮಾದ ಮಾತು ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಅಪ್ಪ ಮಗಳು ಚೆನ್ನಾಗಿಯೇ ಇದ್ದರು. ಹಬ್ಬಕ್ಕೆ ಒಟ್ಟಿಗೆ ಉಂಡರು, ಕಾಯಿಲೆಗೆ ಒಬ್ಬರಿಗೊಬ್ಬರು ಆದರು. ಆ ಗೋಡೆಗೆ ಮಾತ್ರ ಮತ್ತೆ ಮೊಳೆ ಬೀಳಲಿಲ್ಲ.

ಹೋದ ವರ್ಷ ಡೊಲೊರೆಸ್ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಾಗ ನಡುಮನೆಯಲ್ಲಿ ಆಟ ನಡೆದಿತ್ತು. ಮಾನ್ಯಾ ಠೀವಿಯಿಂದ ನಡೆದು ಬಂದು, "ವಾಟ್ಸ್ ಯುವರ್ ನೇಮ್?" ಎಂದು ಕೇಳುವುದು, ಕುರ್ಚಿಯಲ್ಲಿ ಕೂತ ಮುದುಕ, "ಲೂಥರ್ ಗೇಯ್ನ್ಸ್" ಎಂದು ಹೇಳಿ ಟೋಪಿ ಕೊಡುವುದು. ಮತ್ತೆ ಮೊದಲಿಂದ. ಡೊಲೊರೆಸ್ ಕೈ ಒರೆಸಿಕೊಂಡು ಬಂದು ಬಾಗಿಲಲ್ಲಿ ನಿಂತರು.

"ಏನಪ್ಪಾ ಇದು?"

"ಅದೇ, ಆ ಒಂದು ಸಿನಿಮಾ" ಎಂದರು ಲೂಥರ್. ಐವತ್ತು ವರ್ಷಕ್ಕೂ ಹಿಂದೆ ನಿಂತುಹೋದ ಮಾತನ್ನು ಮೊನ್ನೆಯಷ್ಟೇ ಬಿಟ್ಟವರ ಹಾಗೆ.

ಅಂದೇ ಹರಿಪ್ರಿಯಾ ಆ ಸಿನಿಮಾ ಹುಡುಕಲು ಹತ್ತಿದ್ದು. ಅಪ್ಪನ ಪಕ್ಕ ಕೂತು ನೋಡಿ, ಆ ಮೇಲೆ ಹೇಳುವುದನ್ನು ಹೇಳೋಣ ಎಂದು ಡೊಲೊರೆಸ್ ಕಾದರು. ಡಿಸ್ಕು ಬರುವ ಮೊದಲೇ ಲೂಥರ್ ಹೋದರು.

*

"ಇರೋದನ್ನೇ ಹಾಕು" ಎಂದರು ಡೊಲೊರೆಸ್. "ಇಲ್ಲ ಅನ್ನೋದಾದ್ರೂ ಜನಕ್ಕೆ ಕಾಣ್ಲಿ."

ಹಾಡು ಮುಗಿಯಿತು, ಪ್ರಾರ್ಥನೆ ಮುಗಿಯಿತು. ಲೂಥರ್‌ರ ಬಸ್ಸಿನಲ್ಲಿ ಶಾಲೆಗೆ ಹೋಗುತ್ತಿದ್ದ ಒಬ್ಬ ಮುದುಕ ಎದ್ದು ನಾಲ್ಕು ಮಾತಾಡಿದ. ಮಾರ್ಕಸ್ ದೀಪ ಆರಿಸಿದ. ಸ್ಟೂಲಿನ ಮೇಲಿಟ್ಟ ಪ್ರೊಜೆಕ್ಟರಿನ ಹತ್ತಿರ ಹರಿಪ್ರಿಯಾ ನಿಂತಿದ್ದಳು. ಡೊಲೊರೆಸ್ ಪರದೆಯ ಪಕ್ಕದಲ್ಲೇ ನಿಂತು ನಡೆದದ್ದನ್ನು ಮುಚ್ಚುಮರೆ ಇಲ್ಲದೆ ಹೇಳಿದರು. ಸೀನು ಏನಿತ್ತು, ಅಪ್ಪ ಏನು ಹೇಳಿದ್ದರು, ಅದನ್ನು ಯಾಕೆ ಕತ್ತರಿಸಿದರು. ಗೋಡೆಯ ಫೋಟೋದ ಮಾತನ್ನೂ ಹೇಳಿದರು. ಹಾಗೆ ಹೇಳುವಾಗ ಒಂದು ಸಲ ದನಿ ಒಡೆಯಿತು. "ನಿಧಾನ, ತಾಯಿ, ನಿಧಾನ" ಎಂದು ಸಾಲುಗಳಿಂದ ಹೆಂಗಸರು ಕೂಗಿ ಧೈರ್ಯ ಕೊಟ್ಟರು.

ಪರದೆಯಲ್ಲಿ ನಾಯಕ ಬರಿದಲೆಯಲ್ಲಿ ಬಂದ. ಮರುಕ್ಷಣ ಕೈಯಲ್ಲಿ ಟೋಪಿ ಇತ್ತು.

ಹಿಂದಿನ ಸಾಲಿನಲ್ಲಿ ಯಾರೋ ನಿಟ್ಟುಸಿರುಬಿಟ್ಟರು.

"ಇನ್ನೊಂದು ಸಲ ಹಾಕು, ಪ್ರಿಯಾ" ಎಂದರು ಡೊಲೊರೆಸ್. "ಮೆಲ್ಲಗೆ."

ಹರಿಪ್ರಿಯಾ ಒಂದೊಂದೇ ಚಿತ್ರವಾಗಿ ಓಡಿಸಿದಳು. ಬರಿದಲೆ. ಹಾಲಿನ ಬಾಗಿಲು. ಒಂದು ಗೀರು. ಆ ಮೇಲೆ ಲ್ಯಾಪ್‌ಟಾಪಿನ ಚಿಕ್ಕ ಪರದೆಯಲ್ಲಿ ಅವಳ ಕಣ್ಣಿಗೆ ಬೀಳದೆ ಹೋಗಿದ್ದದ್ದು ಇಲ್ಲಿ ಗೋಡೆಯಷ್ಟು ದೊಡ್ಡದಾಗಿ ಬಂತು. ನಾಯಕ ಬಾಗಿಲ ಕಡೆ ತಿರುಗಿದ್ದಾನೆ. ಪರದೆಯ ಅಂಚಿನಿಂದ ಬಿಳಿಯ ಅಂಗಿತೋಳು, ಅದರಿಂದ ಹೊರಟ ಒಂದು ಕಪ್ಪು ಕೈ. ಟೋಪಿಯ ಅಂಚು ಇನ್ನೂ ಆ ಬೆರಳುಗಳಲ್ಲಿದೆ. ಅವಳ ಬೆರಳು ತಾನಾಗಿಯೇ ಅಲ್ಲಿ ನಿಲ್ಲಿಸಿತು.

ಕಣ್ಣು ಮಂಜಾದ ಒಬ್ಬ ಅಜ್ಜಿ ಪಕ್ಕದಲ್ಲಿ ಕೂತಿದ್ದ ಅನಂತಪದ್ಮನಾಭರ ತೋಳು ಹಿಡಿದು ಜಗ್ಗಿದರು. "ನನಗೆ ಸರಿಯಾಗಿ ಕಾಣ್ತಿಲ್ಲಪ್ಪ. ಅದು ಯಾರ ಕೈ?"

ಊರ್ಮಿಳಾ ಗಂಡನ ಮುಖ ನೋಡಿದರು. ಅನಂತಪದ್ಮನಾಭ ಎದ್ದು ನಿಂತು, ಹಿಂದಿನ ಸಾಲಿನವರೆಗೂ ಕೇಳುವ ಹಾಗೆ ಹೇಳಿದರು. "ನಮ್ಮ ಬೀಗರದ್ದು, ತಾಯಿ. ನನ್ನ ಮಗಳ ತಲೆ ಮೇಲೆ ಇಟ್ಟು ಹರಸಿದ ಕೈ ಅದೇ."

ಮಾನ್ಯಾ ಮುಂದಿನ ಸಾಲಿನಿಂದ ಎದ್ದು ನಿಂತಿದ್ದಳು. ಕೈ ಕಂಡಿತು, ಟೋಪಿ ಕಂಡಿತು, ಆಟದಲ್ಲಿ ಇನ್ನು ತನ್ನ ಸರದಿ ಎಂಬುದು ಅವಳಿಗೆ ಗೊತ್ತಿತ್ತು. ಜ್ವರದ ಸಣ್ಣ ದನಿಯಲ್ಲಿ ಕೇಳಿದಳು.

"ವಾಟ್ಸ್ ಯುವರ್ ನೇಮ್?"

ಉತ್ತರಕ್ಕೆ ಕಾದಳು. ತಾತ ಯಾವಾಗಲೂ ಸ್ವಲ್ಪ ತಡ ಮಾಡಿಯೇ ಹೇಳುತ್ತಿದ್ದದ್ದು.

ಡೊಲೊರೆಸ್ ಪರದೆಯ ಮುಂದಕ್ಕೆ ಬಂದರು. ಬೆಳಕು ಅವರ ಬಿಳಿಯ ಕೂದಲಿನ ಮೇಲೆ, ಕಪ್ಪು ಉಡುಪಿನ ಮೇಲೆ ಬಿತ್ತು.

"ಲೂಥರ್ ಗೇಯ್ನ್ಸ್" ಎಂದರು. ಅಪ್ಪನ ಹಾಗೆಯೇ, ಅದರ ಮುಂದೆ 'ಸರ್' ಸೇರಿಸಲಿಲ್ಲ.

ಆ ಮೇಲೆ ಅಪ್ಪನ ಕೈ ಚಾಚಿದ್ದ ಕಡೆಗೆ ತಾವೂ ಕೈ ಚಾಚಿ, ಅಂಗೈಯನ್ನು ಪ್ರೊಜೆಕ್ಟರಿನ ಬೆಳಕಿಗೆ ಅಡ್ಡ ಹಿಡಿದರು. ಪರದೆಯ ಮೇಲಿದ್ದ ಟೋಪಿ ಅಲ್ಲಿಂದ ಮಾಯವಾಗಿ ಅವರ ಅಂಗೈಯ ಮೇಲೆ ಬಂದು ಕೂತಿತು.